ಕೂದಲೆಳೆಯಷ್ಟು ಓರೆ

ಸತ್ತ ವಿಸಿಆರಿನ ಹೊಟ್ಟೆ ಬಗೆದು
ಮೊದಲು ಅದರ ಉರುಳೆ ತೆಗೆದೆ.
ಬೆರಳು ತಾಗಿಸಿದ್ದೇ ತಡ, ತಿರುಗಿತು ತಿರುಗಿತು,
ಇಪ್ಪತ್ತು ವರ್ಷ ಯಾರೂ ಮಾತಾಡಿಸದವರು
ಮಾತು ಶುರುಮಾಡಿದ ಹಾಗೆ.

ಅಂಗಡಿಯ ಡಯಲ್ಲಿಗೆ ನಾನೂರು ಪೌಂಡು.
ನನ್ನ ಮಣಿಕಟ್ಟಿಗೆ ಡಾಕ್ಟರು ಬರೆದದ್ದು ವಿಶ್ರಾಂತಿ.
ದಿನವಿಡೀ ಮೌಸಿನ ಬೆನ್ನು ತಟ್ಟಿ
ಒಂದೊಂದೇ ಫ್ರೇಮು ಹಿಂದೆ ಮುಂದೆ ನೂಕುವವಳಿಗೆ
ವಿಶ್ರಾಂತಿ ಯಾವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ?

ಹಾಗಾಗಿ ಶೆಫೀಲ್ಡಿನ ಈ ಏರುಬೀದಿಯ ಅಡುಗೆಮನೆಯಲ್ಲಿ
ಪಾತ್ರೆ ಒಣಗುವ ಜಾಗದಲ್ಲಿ ಸೋಲ್ಡರಿಂಗ್ ಕಡ್ಡಿ ಕಾಯಿಸಿದೆ.
ಮರದ ಟೀ ಡಬ್ಬಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ,
ಆರು ಪೌಂಡಿನ ಎನ್‌ಕೋಡರ್, ಹೆಬ್ಬೆರಳಗಲದ ಬೋರ್ಡು.
ಐದು ತಂತಿ: ಕೆಂಪು, ಕಪ್ಪು, ಉಳಿದ ಮೂರೂ ಹಳದಿ.
ಹಳದಿ ಯಾಕೆಂದರೆ ಮನೆಯಲ್ಲಿದ್ದದ್ದು ಹಳದಿ.
ರಾಳದ ಹೊಗೆ ಸಾಂಬ್ರಾಣಿಯ ಹಾಗೆ ಎದ್ದು
ಸೂರಿನ ಅಲಾರಂ ಜಾಗಟೆ ಬಾರಿಸಿತು.
ದೇವರು ಮಾತ್ರ ಇನ್ನೂ ತಯಾರಾಗಿರಲಿಲ್ಲ.

ತಯಾರಾದ ಮೇಲೂ ಹಗುರ. ಮುಚ್ಚಳಕ್ಕೆ ತೂಕವಿಲ್ಲ,
ತಿರುಗಿಸಿದರೆ ಮಿಡಿದು ನಿಲ್ಲುತ್ತದೆ.
ಬೀಸುವ ಕಲ್ಲು ಹಗುರಾದರೆ ಕೈ ಸೋಲುತ್ತದೆ,
ಇದನ್ನು ಪಕ್ಕದ ಮನೆಯ ಸ್ಟ್ಯಾನಿಫೋರ್ತ್‌ಗೆ
ಯಾವ ಇಂಗ್ಲಿಷಿನಲ್ಲಿ ಹೇಳಲಿ? ಬೇಲಿಯ ಮೇಲಿಂದ
ಗಾಳಿಯಲ್ಲಿ ರಾಗಿ ಬೀಸಿ ತೋರಿಸಿದೆ.
ನಲವತ್ತೊಂದು ವರ್ಷ ಲೇತ್ ಮುಂದೆ ನಿಂತವನು,
ನನ್ನನ್ನು 'ಡಕ್' ಎಂದೇ ಕರೆಯುವವನು,
ಕೈ ನೋಡಿದ. ಮುಖ ನೋಡಲಿಲ್ಲ.
'ಫ್ಲೈವೀಲು' ಎಂದು ಶೆಡ್ಡಿಗೆ ಹೋದ.

ಮೂರನೇ ದಿನ ಉಕ್ಕಿನ ಬಿಲ್ಲೆ ತಂದ, ಅಂಗೈಯಗಲ,
ತಣ್ಣಗೆ, ಒಂದು ಸೇರು ಅಕ್ಕಿಯ ಭಾರ.
ಕೂರಿಸಿ, ಬಲಕ್ಕೆ ತಿರುಗಿಸಿದೆ.
ಚಿತ್ರ ಹಿಂದಕ್ಕೆ ಓಡಿತು.

ಪರದೆಯ ಮೇಲಿದ್ದದ್ದು ಅವನ ಕಾರ್ಖಾನೆಯೇ,
ಕೆಡವಿದ ದಿನದ ಹನ್ನೊಂದು ನಿಮಿಷ.
ಬೀದಿಯಿಂದ ಧೂಳು ಎದ್ದು ಇಟ್ಟಿಗೆಯೊಳಗೆ ಹೊಕ್ಕಿತು,
ತೆರೆದ ಬಾಯಿಗಳು ಮುಚ್ಚಿಕೊಂಡವು,
ಓಡಿದ ನಾಯಿ ಹಿಂಗಾಲಲ್ಲಿ ಮರಳಿತು,
ಚಿಮಣಿ, ಮೊದಲು ಮಂಡಿಯೂರಿ, ಆಮೇಲೆ ಎದ್ದು ನಿಂತಿತು.
ಅವನ ಕಣ್ಣು ತುಂಬಿರಬಹುದೆಂದು ತಿರುಗಿದೆ.
ಅವನೋ ಗಲ್ಲವನ್ನು ಮೇಜಿಗೆ ಊರಿ
ಬಿಲ್ಲೆಯ ಅಂಚನ್ನೇ ನೋಡುತ್ತಿದ್ದ.
'ಓಲಾಡ್ತಿದೆ,' ಎಂದ. 'ಎರಡು ಕೂದಲೆಳೆ.'
ನಾಳೆ ಹತ್ತಕ್ಕೆ ಚಿತ್ರ ಒಪ್ಪಿಸಬೇಕು ಎನ್ನುವಷ್ಟರಲ್ಲಿ
ಸ್ಕ್ರೂ ಬಿಚ್ಚಿ ಜೇಬಿಗಿಳಿಸಿ ಹೊರಟೇ ಹೋದ.

ರಾತ್ರಿಯೆಲ್ಲ ಉಪ್ಪಿನಕಾಯಿ ಮುಚ್ಚಳವೇ ಗತಿ.
ಹಿಂದು ಮುಂದಾಗಲು ಎರಡು ತಂತಿ ಅದಲುಬದಲಾದರೆ ಸಾಕು.
ಯಾವ ಎರಡು? ಮೂರೂ ಹಳದಿ.
ಒಮ್ಮೆ ಬದಲಿಸಿದರೆ ಏನೂ ಅಲ್ಲಾಡಲಿಲ್ಲ.
ಇನ್ನೊಮ್ಮೆ, ಚಿಮಣಿ ಒಂದೇ ಫ್ರೇಮಿನಲ್ಲಿ ನಡುಗಿತು,
ನಡುಗುತ್ತಲೇ ಇತ್ತು.
ಒಂದೂವರೆಗೆ ಸರಿಹೋಯಿತು. ಹೇಗೆಂದು ಬರೆದಿಡಲಿಲ್ಲ.

ಬೆಳಗ್ಗೆ ಎಂಟಕ್ಕೆ ಬಾಗಿಲು ತಟ್ಟಿದ.
ಬಿಲ್ಲೆಯ ಅಡಿಯಲ್ಲಿ ಗೀರಿದ ಅಂಕಿ ೩೧೭,
ಅವನ ಹಾಜರಿಯ ನಂಬರಂತೆ.
ಕೂರಿಸಿದೆವು. ತಿರುಗಿತು, ಆದರೆ ತಿರುಗುತ್ತಿದೆಯೆಂದು
ಕಣ್ಣಿಗೆ ಗೊತ್ತೇ ಆಗಲಿಲ್ಲ.

'ಸರಿ, ಈಗ ಬೀಳಿಸು,' ಎಂದವನು
ತಾನೇ ಬೆರಳಿಟ್ಟ. ಕೊಳೆ ಕೂತ ಉಗುರು,
ಒಂದು ಫ್ರೇಮು. ಇನ್ನೊಂದು. ಬುಡದಲ್ಲಿ ಬಿಳಿ ಹೊಗೆ.
ಇನ್ನೊಂದು.
ಚಿಮಣಿ ಕೂದಲೆಳೆಯಷ್ಟು ಓರೆಯಾದಲ್ಲಿ
ಕೈ ತೆಗೆದ. ಬಹಳ ಹೊತ್ತು ಅಲ್ಲೇ ನಿಂತ,
ಆಮೇಲೆ ಟೀ ಕೇಳಿದ.
ಸಕ್ಕರೆ ಎರಡು.