ಲೆಕ್ಕಕ್ಕಿಲ್ಲದ ಹದಿನೇಳು

ಮೈನಸ್ ಎಂಬತ್ತರ ಫ್ರೀಜರನ್ನು ಖಾಲಿ ಮಾಡಬೇಕಂತೆ.
ಹೊಸದು ಬರುತ್ತಿದೆ,
ಸೆಕೆಯಾದರೆ ತಾನೇ ಫೋನಿಗೆ ಹೇಳುವಂಥದ್ದು.
ನನಗೂ ಇನ್ನು ಹನ್ನೊಂದೇ ದಿನದ ನೌಕರಿ.
ದಪ್ಪ ಗವಸು ತೊಟ್ಟು ಕೆಳಗಿನ ಹಲಗೆಯ ಹಿಮ ಕೆರೆದೆ.
ಮಂಡಿ ಲಟಕ್ಕೆಂದಿತು.
ಮೂಲೆಯ ಡಬ್ಬಿಯಲ್ಲಿ ಸಿಕ್ಕಿತು ಹದಿನೇಳನೇ ನಂಬರು,
ನನ್ನದೇ ಅಕ್ಷರ, ಎಂಬತ್ತೊಂದರ ಫೆಬ್ರವರಿ.

ಚಳಿಗೆ ಶಾಯಿ ಅಳಿಯುತ್ತದೆ, ಪೆನ್ಸಿಲು ಉಳಿಯುತ್ತದೆ.
ಪ್ರೊಫೆಸರ್ ಕರ್ಪೇಲಾ ನನಗೆ ಕಲಿಸಿದ ಮೊದಲ ಪಾಠ ಅದು.

ಹದಿನೇಳು ಅಂದರೆ ಅರ್ಮಾಸ್ ಪೆಸೋನೆನ್, ಅಂಚೆಯವ.
ವುವೊಕಾತ್ತಿಯ ಗುಡ್ಡದಾಚೆ, ಹೆಪ್ಪುಗಟ್ಟಿದ ಕೆರೆಗಳ ಮೇಲೆ
ಸ್ಕೀ ಕಟ್ಟಿಕೊಂಡು ಕಾಗದ ಹಂಚುತ್ತಿದ್ದವ.
ಇಲಾಖೆ ಮೋಟಾರು ಬಂಡಿ ಕೊಟ್ಟಿತ್ತು,
ನಾಯಿಗಳು ಬೆದರುತ್ತವೆಂದು ಕೊಟ್ಟಿಗೆಯಲ್ಲೇ ಬಿಟ್ಟಿದ್ದ.

ನಾವು ಆಟಗಾರರ ತೊಡೆಯನ್ನು ಅಳೆಯುತ್ತಿದ್ದೆವು.
ಹೋಲಿಕೆಗೆ ಆಟಗಾರರಲ್ಲದವರು ಬೇಕಿತ್ತು:
ಬ್ಯಾಂಕಿನವರಿಬ್ಬರು, ಚರ್ಚಿನಲ್ಲಿ ಆರ್ಗನ್ ನುಡಿಸುವವ,
ಮೂವರು ಮೇಷ್ಟ್ರು, ಮತ್ತೆ ಈತ.
ಪ್ರಶ್ನಾವಳಿಯ ಮೊದಲ ಸಾಲು: ನೀವು ವ್ಯಾಯಾಮ ಮಾಡುತ್ತೀರಾ?
ಪೆನ್ಸಿಲು ನೆಕ್ಕಿ ಬರೆದ: ಇಲ್ಲ.
ಬಿಡುವಿನಲ್ಲಿ ಏನು ಮಾಡುತ್ತೀರಿ?
ಕೂರುತ್ತೇನೆ.

ಮರಗಟ್ಟಿಸುವ ಮದ್ದು, ಚಿಕ್ಕದೊಂದು ಕುಯ್ತ,
ಆಮೇಲೆ ಪೆನ್ಸಿಲಿನಷ್ಟು ದಪ್ಪದ ಟೊಳ್ಳು ಸೂಜಿ.
ಎಲ್ಲರೂ ಆಗ ಚಾವಣಿ ನೋಡುತ್ತಾರೆ,
ಇವನು ಸೂಜಿಯನ್ನೇ ನೋಡಿದ.
ಹೊರಬಂದದ್ದು ಬಾರ್ಲಿ ಕಾಳಿನಷ್ಟು ಸ್ನಾಯು.
"ಇಷ್ಟೇನಾ! ನನ್ನ ಗಾಳದ ಹುಳವೇ ಇದಕ್ಕಿಂತ ದೊಡ್ಡದು" ಅಂದು
ಪ್ಯಾಂಟು ಏರಿಸಿದ,
ಉಳಿದ ಕಾಗದ ಹಂಚಲು ಹೊರಟ.

ಆಮ್ಲದಲ್ಲಿ ಅದ್ದಿ ಬಣ್ಣ ಕಟ್ಟಿದರೆ
ನಿಧಾನದ ಎಳೆಗಳು ಕಪ್ಪು, ಅವಸರದವು ಬಿಳಿಚು.
ಸಾಮಾನ್ಯರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ.
ನಮ್ಮ ತಂಡದಲ್ಲೇ ಉತ್ತಮನಾದ ಸ್ಕೀಪಟುವಿಗೆ ನೂರಕ್ಕೆ ಎಪ್ಪತ್ತೆಂಟು.
ಅಂಚೆಯವನಿಗೆ ತೊಂಬತ್ತೊಂದು.
ಮೂರು ಸಲ ಎಣಿಸಿದೆ, ಹೆಬ್ಬೆರಳು ನೋಯುವ ತನಕ,
ಕತ್ತಲ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು
ದೀಪವಿರುವ ಕಿಟಕಿ ಎಣಿಸಿದ ಹಾಗೆ.

ಕರ್ಪೇಲಾ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.
ಇವನನ್ನು ಸಾಮಾನ್ಯ ಅಂದರೆ ಆಟಗಾರರು ಏನಾಗಬೇಕು?
ಗ್ರಾಫಿನಲ್ಲಿ ಎಲ್ಲರಿಗಿಂತ ಮೇಲೆ, ಒಂಟಿಯಾಗಿ, ಅವನ ಚುಕ್ಕೆ.
ತೀರ್ಮಾನ ಅವರದು.
ರಬ್ಬರು ನನ್ನದು.
"ಒಬ್ಬರನ್ನು ತಾಂತ್ರಿಕ ಕಾರಣದಿಂದ ಕೈಬಿಡಲಾಗಿದೆ"
ಎಂದು ಅಡಿಟಿಪ್ಪಣಿ ಟೈಪು ಮಾಡಿದ್ದೂ ನಾನೇ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಅವನು ಆಟಕ್ಕೂ ಇರಲಿಲ್ಲ.

ಎರಡು ಚಳಿಗಾಲ ಕಳೆದು ಒಂದು ಬೆಳಗ್ಗೆ
ಹುಬ್ಬಿನ ತುಂಬ ಮಂಜು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.
ರಸ್ತೆ ಮುಚ್ಚಿ ಹೋಗಿತ್ತು, ಬೆನ್ನ ಮೇಲೆ ಭಾರದ ಕಟ್ಟು.
ಸಹಿ ಹಾಕುವಾಗ ಕೇಳಿದ: "ನನ್ನ ಮಾಂಸ ಏನಂತು?"
"ಚೆನ್ನಾಗಿದೆ" ಅಂದೆ.
ತಲೆಯಾಡಿಸಿದ. ಕಾಫಿ ಬೇಡವೆಂದ.
ಕಟ್ಟು ಬಿಚ್ಚಿದರೆ ಒಳಗೆ
ಅದೇ ಪ್ರಬಂಧದ ಇನ್ನೂರು ಅಚ್ಚುಪ್ರತಿ.
ತಾನಿಲ್ಲದ ಆ ಪುಟಗಳನ್ನು ಹದಿನಾಲ್ಕು ಕಿಲೋಮೀಟರು
ಹೊತ್ತು ತಂದಿದ್ದ.

ಈಗಿನ ಪ್ರಶ್ನಾವಳಿಯಲ್ಲಿ ವ್ಯಾಯಾಮದ ಮಾತು ಆರನೇ ಪುಟಕ್ಕೆ.
ಕೆಲಸಕ್ಕೆ ಹೇಗೆ ಹೋಗುತ್ತೀರಿ, ಸೌದೆ ಒಡೆಯುತ್ತೀರಾ,
ಮಗುವನ್ನು ಎಷ್ಟು ಹೊತ್ತು ಎತ್ತಿಕೊಳ್ಳುತ್ತೀರಿ,
ಎಲ್ಲ ಕೇಳುತ್ತಾರೆ. ಮಣಿಕಟ್ಟಿನ ಪಟ್ಟಿ
ನಿದ್ದೆಯಲ್ಲಿ ಹೊರಳಿದ್ದನ್ನೂ ಬರೆದಿಡುತ್ತದೆ.
ಇದನ್ನೆಲ್ಲ ಕಂಡು ಹಿಡಿದವರಿಗೆ ಬಹುಮಾನ ಬಂತು.
ಬರಲಿ.

ಹುಡುಗಿ ಇಂಕೆರಿ ಪಟ್ಟಿ ಹಿಡಿದು ಕಾಯುತ್ತಿದ್ದಾಳೆ:
ದಾಖಲೆಯಿಲ್ಲದವು ಕೆಂಪು ಚೀಲಕ್ಕೆ.
ಗವಸಿನೊಳಗೆ ಡಬ್ಬಿ ಬೆವರುತ್ತಿದೆ,
ಹಿಡಿದುಕೊಂಡಷ್ಟು ಹೊತ್ತೂ ಕೆಡುತ್ತಿದೆ.
"ಯಾವ ಗುಂಪು?" ಅನ್ನುತ್ತಾಳೆ.
ಕಿವಿಯ ಹಿಂದಿನ ಪೆನ್ಸಿಲು ತೆಗೆಯುತ್ತೇನೆ.
"ಬರಿ ಹೆಸರು ಬರ್ಕೋ, ಪೆಸೋನೆನ್,
ಎರಡು ಎಸ್ ಅಲ್ಲ, ಒಂದೇ."