ನಾಲ್ಕುನೂರ ಹನ್ನೆರಡು

ಸಕ್ಕರೆ ಕಾಯಿಲೆಯ ಸಮೀಕ್ಷೆಗೆಂದು
ನಲವತ್ತು ಡಬ್ಬಿ ಬಂದವು ಕಾರವಾರಕ್ಕೆ.
ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ,
ಬೆನ್ನಿಗೊಂದು ಕ್ಲಿಪ್ಪು, ಎದೆಗೊಂದು ಕಿಟಕಿ,
ಕಿಟಕಿಯಲ್ಲಿ ಐದು ಸೊನ್ನೆ.
ಹಂಚುವುದು, ಸಂಜೆ ಓದುವುದು, ಬರೆಯುವುದು ನನ್ನ ಕೆಲಸ.

ಬೈತಖೋಲ ಬಂದರಿನಲ್ಲಿ ಹರಾಜು ಇಳಿಯುವ ಹೊತ್ತು
ಶೇವಂತಿ ತಾಂಡೇಲ ಡಬ್ಬಿಯನ್ನು ಮೂಸಿ ನೋಡಿ
"ಕಚ್ಚೂದಿಲ್ಲಲ್ಲ?" ಎಂದು
ಕಾಸೆಯ ಗಂಟಿಗೆ ತಾನೇ ಸಿಕ್ಕಿಸಿಕೊಂಡಳು.
ಬುಟ್ಟಿ ತಲೆಗೇರಿಸಿ
ಕಾಜುಬಾಗ ದಾಟಿ, ಸುಂಕೇರಿ ಸೇತುವೆ ದಾಟಿ
ಕಡವಾಡದ ಓಣಿಗಳವರೆಗೆ ಹೋಗಿ ಬಂದಳು.

ಸಂಜೆ ಕಿಟಕಿಯಲ್ಲಿ ನಾಲ್ಕುನೂರ ಹನ್ನೆರಡು.

"ಬಸ್ಸಿಗೆ ಹೋದಿರಾ, ಬಾಯಿ? ಮೊಳೆಗೆ ನೇತು ಹಾಕಿದ್ದಿರಾ?"
"ಮೊಳೆಗೆ ಹಾಕಿದ್ರೆ ಅಷ್ಟಾದ್ರೂ ಎಂತಕ್ಕೆ ಬರ್ತಿತ್ತು?
ಗೋಡೆ ನಡೀತದಾ ನಿಮ್ಮನೇಲಿ?"
ಫಾರಮ್ಮಿನಲ್ಲಿ ಬರೆದೆ: ಸಹಕರಿಸಲಿಲ್ಲ.

ರಾತ್ರಿ ನಿದ್ದೆ ಬರದೆ ಒಂದು ಡಬ್ಬಿ ಬಿಚ್ಚಿದೆ.
ಕೂದಲೆಳೆಯ ಸ್ಪ್ರಿಂಗು, ಅದರ ತುದಿಗೆ
ಗಾಳಕ್ಕೆ ಕಟ್ಟುವ ಸೀಸದ ಮರಿಯಂಥ ತೂಕ.
ಮೈ ಕುಲುಕಿದರೆ ಅದು ಬೀಳುತ್ತದೆ, ಏಳುತ್ತದೆ,
ಎದ್ದಾಗ ಒಂದು ಸಂಖ್ಯೆ ಮುಂದಕ್ಕೆ.
ಅಷ್ಟೇ.
ಪಾದದ ಸುದ್ದಿ ಅದಕ್ಕೆ ಗೊತ್ತೇ ಇಲ್ಲ.

ಎಲ್ಲೋ ಓದಿದ್ದೆ, ಹಿಂದೆ
ಮಂಡಿಯಿಂದ ಸೊಂಟಕ್ಕೆ ದಾರ ಕಟ್ಟಿ
ಮಂಡಿ ಮಡಿದಾಗಲೆಲ್ಲ ಹಲ್ಲುಗಾಲಿ ಜಗ್ಗುತ್ತಿದ್ದರಂತೆ,
ಆಮೇಲೆ ಗಡಿಯಾರದವರು ಅದನ್ನು ಕಿಸೆಗೆ ಇಳಿಸಿದರು.
ಯಂತ್ರ ಕಂಡರೆ ತಲೆ ಹೋಗುವ ಟಿಬೇಟಿಗೆ
ಯಾತ್ರಿಕರ ವೇಷದಲ್ಲಿ ಮೋಜಣಿದಾರರು ಹೋದರು,
ನೂರೆಂಟರ ಬದಲು ನೂರೇ ಮಣಿಯ ಜಪಮಾಲೆ,
ನೂರು ಹೆಜ್ಜೆಗೊಂದು ಮಣಿ,
ತುಟಿಯಲ್ಲಿ ಮಂತ್ರ, ಬೆರಳಲ್ಲಿ ನಕಾಶೆ.
ಹತ್ತು ಸಾವಿರವೆಂಬುದೋ
ಜಪಾನಿನಲ್ಲಿ ಡಬ್ಬಿ ಮಾರುವವರು ಇಟ್ಟ ಹೆಸರು,
ನಮ್ಮ ಡಾಕ್ಟರು ಅದನ್ನು ಶ್ಲೋಕದ ಹಾಗೆ ಹೇಳುತ್ತಾರೆ.
ನನ್ನಜ್ಜನಿಗೆ ಕೂಗಳತೆ ಸಾಕಿತ್ತು,
ಅದರಾಚೆಯದು ಹರದಾರಿ,
ನಡುವಿನದು ಒಂದು ಕವಳ ಮುಗಿಯುವಷ್ಟು.

ಮರುದಿನ ನನಗೂ ಒಂದು ಸಿಕ್ಕಿಸಿಕೊಂಡು ಅವಳ ಹಿಂದೆ ಹೊರಟೆ.
ಬುಟ್ಟಿ ತುಂಬ ಬಂಗಡೆ, ಮೇಲೆ ಕರಗುವ ಮಂಜುಗಡ್ಡೆ,
ಒಂದು ಕುಲುಕಾದರೆ ಕೊರಳಿಗೆ ನೀರು.
ಅವಳ ಕಾಲಿಗೆ ಅವಸರವಿತ್ತು, ತಲೆಗೆ ಇರಲಿಲ್ಲ.
ಹೊಂಡ, ಜಲ್ಲಿ, ರಸ್ತೆಯುಬ್ಬು ಎಲ್ಲವನ್ನೂ
ಮಂಡಿಯೇ ನುಂಗಿಕೊಂಡು
ಸೊಂಟಕ್ಕೆ ಸುದ್ದಿ ಮುಟ್ಟಿಸಲಿಲ್ಲ.
ಭರತ ನಿಂತ ಗಳಿಗೆ ಕಾಳಿ ನದಿಯಲ್ಲಿ
ದೋಣಿ ಸಾಗಿದ ಹಾಗೆ
ಕಾಜುಬಾಗದ ಗೋಡೆಗಳ ಮೇಲೆ ಬುಟ್ಟಿಯ ನೆರಳು ಸಾಗಿತು.
ನನ್ನ ಡಬ್ಬಿ ಟಿಕ್ ಟಿಕ್ ಎಂದು ನನ್ನನ್ನು ಹೊಗಳುತ್ತಲೇ ಇತ್ತು.
ಅವಳದು ಬಾಯಿ ಬಿಡಲಿಲ್ಲ.

ಬಿಟ್ಟದ್ದು, ಬುಟ್ಟಿ ಇಳಿಸಿ ಹದ್ದನ್ನು ಅಟ್ಟಿದಾಗ.
ಹತ್ತು ರೂಪಾಯಿ ಕಡಿಮೆ ಕೊಟ್ಟ ಮಾಸ್ತರರ ಗೇಟಿಗೆ
ಮತ್ತೆ ಓಡಿದಾಗ.
ಸುಂಕೇರಿಯ ಕಟ್ಟೆಯ ಮೇಲೆ ಬುಟ್ಟಿ ಇಟ್ಟು
ಗೆಳತಿಯೊಡನೆ ಏನನ್ನೋ ನೆನೆದು ಮೈಯೆಲ್ಲ ನಕ್ಕಾಗ,
ಆ ನಗುವಿಗೇ ಒಂಬತ್ತು ಹೆಜ್ಜೆ.
ನಾಲ್ಕುನೂರ ಹನ್ನೆರಡು:
ಒಂದು ದಿನದಲ್ಲಿ
ಅವಳ ತಲೆಯ ಮೇಲೆ ಏನೂ ಇಲ್ಲದ ಹೊತ್ತಿನ ಲೆಕ್ಕ.

ನನ್ನದು ಹತ್ತೊಂಬತ್ತು ಸಾವಿರ. ಎರಡು ದಿನ ಕಾಲಿಗೆ ಎಣ್ಣೆ.
'ಸಹಕರಿಸಲಿಲ್ಲ' ಎಂಬುದನ್ನು ಹೊಡೆದು ಹಾಕಿದೆ.
ಬದಲಿಗೆ ಬರೆಯುವುದಕ್ಕೆ ಕಾಲಮ್ಮು ಇರಲಿಲ್ಲ.

ಮೂರನೇ ವಾರ ಹಿಂದಕ್ಕೆ ಕೇಳಿದಾಗ
ಡಬ್ಬಿಗೆ ಒಂದು ಮೀನಿನ ಹುರುಪೆ ಅಂಟಿತ್ತು,
ಕಿಟಕಿಯಲ್ಲಿ ಎರಡು ಸಾವಿರದ ನೂರ ಅರವತ್ತು.
"ಇದು ನಡೆದದ್ದಲ್ಲ," ಎಂದಳು.
"ಒಂದು ಬಂಗಡೆ ಮಾರಿದ್ರೆ ಒಂದ್ಸಲ ಅಲ್ಲಾಡಿಸ್ತೆ.
ಈ ವಾರದ್ದು ಅಷ್ಟೂ ಬಂತು, ಒಂದೂ ತಪ್ಪಲಿಲ್ಲ.
ಇಟ್ಕೊಳ್ಳಲಾ?"

ಎರಡು ಸಾವಿರದ ನೂರ ಅರವತ್ತು ಬಂಗಡೆ
ಹೆಜ್ಜೆಗಳಾಗಿ ಫಾರಮ್ಮು ಸೇರಿದವು.
ಮೇಲಿನಿಂದ ಷರಾ ಬಂತು: ಪ್ರಗತಿ ತೃಪ್ತಿಕರ.
ಮೂವತ್ತೊಂಬತ್ತು ಡಬ್ಬಿ ಹಿಂದಿರುಗಿದವು.
ಒಂದು ಸಮುದ್ರಕ್ಕೆ ಬಿತ್ತೆಂದು
ನಾನೇ ಬರೆದುಕೊಟ್ಟೆ.