ಬೆನ್ನ ಬದಿ

ನಾಲ್ಕು ಮೊಳ ಸಕಲಾತಿ, ಹಿರಾದೋ ಬಂದರಿಗೆ ಹಡಗಿನಲ್ಲಿ ಬಂದದ್ದು.
ಯಾವ ದೇಶದ ಕುರಿಯೋ, ಒದ್ದೆಯಾದರೆ ಇನ್ನೂ ನಾತ.
ಕತ್ತರಿ ಇಡುವ ಮುನ್ನ ಮೂರು ದಿನ
ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.
ತಪ್ಪಿದ್ದರೆ ನಾನು ಉಣ್ಣಬೇಕಾದ ಅಕ್ಕಿಯನ್ನೆಲ್ಲ ಮಾರಿದರೂ
ತೀರದ ಕೆಂಪು ಅದು.

ಜಿಂಬಾವೊರಿಗೆ ತೋಳಿಲ್ಲ,
ಕವಚದ ಹೆಗಲುಪಟ್ಟಿ ಆಡಬೇಕಲ್ಲ.
ಹಿಂದೆ ಸೊಂಟದಿಂದ ಕೆಳಕ್ಕೆ ಒಂದು ಸೀಳು,
ಖಡ್ಗದ ಒರೆ ಇಣುಕಲಿಕ್ಕೆ.
ಬೆನ್ನಿಗೆ ಮನೆತನದ ಗುರುತು:
ಬಿಳಿ ರೇಷ್ಮೆಯಲ್ಲಿ ಎರಡು ಕಾಡುಬಾತು.

"ಗುರುತು ಎದೆಗಲ್ಲವೇ?" ಅಂದ ಸೆಂತಾ,
ನನ್ನ ಬಳಿ ಸೂಜಿ ಕಲಿಯುವ ಹುಡುಗ.
ಎದೆ ಶತ್ರುವಿಗೆ ಕಣೋ, ಅಲ್ಲಿ ಕಬ್ಬಿಣ ಸಾಕು.
ಬೆನ್ನು ನಮ್ಮವರಿಗೆ,
ಹಿಂದೆ ಬರುವವರು ನೋಡಿ ನಡೆಯಲಿಕ್ಕೆ.

ನಾಗಾತೊಕಿ ಕವಚವಿಲ್ಲದೆ ತೊಟ್ಟು ನೋಡಿದ.
ಅಪ್ಪನ ಅಂಗಿಯೊಳಗೆ ಸಿಕ್ಕ ಮಗುವಿನ ಹಾಗೆ ನಿಂತು ನಕ್ಕ.
ಇಪ್ಪತ್ತೆರಡು ವರ್ಷ.
ಆಮೇಲೆ, ತಾಯಿ ಅತ್ತ ತಿರುಗಿದಾಗ, ಮೆಲ್ಲಗೆ:
"ಒಳಗೆ ಮೈ ನಡುಗಿದರೆ ಹೊರಗೆ ಕಾಣುತ್ತದೆಯೇ?"
ಸಕಲಾತಿ ದಪ್ಪ, ಅಂದೆ. ಕಾಣುವುದಿಲ್ಲ.

ಶರತ್ಕಾಲದಲ್ಲಿ ಅಂಗಿ ಮರಳಿತು.
ಕೆಸರಿನಲ್ಲಿ ನಡೆದು ತಾಯಿಯೇ ತಂದಳು,
ಬೋಳಿಸಿದ ತಲೆಗೆ ಬಿಳಿ ಬಟ್ಟೆ ಸುತ್ತಿ.
"ಎದುರಿಗೆ ನಿಂತೇ ಬಿದ್ದನಂತೆ," ಅಂದಳು.
ಗಂಟು ಬಿಚ್ಚಿದೆ.
ಮುಂಬದಿಯಲ್ಲಿ ಒಂದು ಎಳೆಯೂ ಜಗ್ಗಿರಲಿಲ್ಲ.
ತಿರುಗಿಸಿದೆ. ಎರಡು ಬಾತುಗಳ ನಡುವೆ
ಬೆರಳು ಹೋಗುವಷ್ಟು ತೂತು,
ಸುತ್ತ ಅಂಚು ಒಣಗಿ ಸೆಟೆದಿತ್ತು.

ಸೆಂತಾ ಬಾಯಿ ತೆರೆದ. ಅವನ ಕಾಲು ತುಳಿದೆ.
"ನುಸಿ, ತಾಯೀ. ಉಣ್ಣೆಗೆ ಬೇಗ ಹೊಡೆಯುತ್ತದೆ."

ಅವಳು ಹೊರಗೆ ನೋಡುತ್ತಿದ್ದಳು,
ಸೂರಿನಂಚಿಗೆ ಒಣಹಾಕಿದ ಮೂಲಂಗಿ ಎಣಿಸುವವಳಂತೆ.
"ಒಂದೇ ಬೇಸಿಗೆಗೆ?"
"ಒಂದೇ ಬೇಸಿಗೆಗೆ."
"ಹಾಗಾದರೆ," ಅಂದಳು ಎಷ್ಟೋ ಹೊತ್ತಿನ ಮೇಲೆ,
"ಕರ್ಪೂರ ಇಡದೆ ಹೋದ ತಪ್ಪು ನನ್ನದೇ."

ಕತ್ತರಿಸಿ ಉಳಿದ ಚೂರಿನಿಂದಲೇ ಎಳೆ ಬಿಡಿಸಿ ತೂತು ನೇಯ್ದೆ.
ಕೆಂಪಿಗೆ ಕೆಂಪು ಕೂಡಿತು. ಕಣ್ಣಿಗೆ ಸಿಗುವುದಿಲ್ಲ,
ಬೆರಳು ಮಾತ್ರ ಅಲ್ಲಿ ಬಂದು ನಿಲ್ಲುತ್ತದೆ.

ಪೂರಾ ಕೂಲಿ ಕೇಳಿ ಪಡೆದೆ.
ಬೇಡವೆಂದಿದ್ದರೆ ನನ್ನ ನುಸಿ ಅಲ್ಲೇ ಸಾಯುತ್ತಿತ್ತು.
ಅವಳು ಎಣಿಸಿ ಕೊಟ್ಟಳು.
ನಾಣ್ಯಗಳಿಗೂ ಕರ್ಪೂರದ ವಾಸನೆ.